ಜೇಡರ ಬಲೆಗಿಂತ ಮೊದಲು ತಾರಸಿ: ಬೇಸಿಗೆಯ ಮನೆ ದುರಸ್ತಿ ಯಾವ ಕ್ರಮದಲ್ಲಿ?

ಪ್ರಶ್ನೆ: ದಾವಣಗೆರೆಯಲ್ಲಿ 30×40 ನಿವೇಶನದಲ್ಲಿ 2006ರಲ್ಲಿ ಕಟ್ಟಿಸಿದ ಆರ್‌ಸಿಸಿ ಮನೆ ನಮ್ಮದು. ಮೇಲೊಂದು ಮಹಡಿ ಇದೆ. ಯುಗಾದಿಗೆಂದು ಜೇಡರ ಬಲೆ ತೆಗೆದು, ಫ್ಯಾನ್ ಒರೆಸಿ, ಅಟ್ಟದ ಪಾತ್ರೆಗಳನ್ನೆಲ್ಲ ತೊಳೆದಿಟ್ಟೆವು. ಆದರೆ ನಿಜವಾದ ತೊಂದರೆಗಳು ಹಾಗೆಯೇ ಉಳಿದಿವೆ. ಕಳೆದ ವರ್ಷ ಮೇ ಕೊನೆಯಲ್ಲಿ ತಾರಸಿಗೆ ಸಿಮೆಂಟ್ ಹಾಲು ಬಳಿಸಿ, ಅದರ ಮೇಲೆ ವಾಟರ್‌ಪ್ರೂಫ್ ಬಣ್ಣ ಹೊಡೆಸಿದ್ದೆವು. ಆಗಸ್ಟ್ ಹೊತ್ತಿಗೆ ಅದು ಹಪ್ಪಳದಂತೆ ಎದ್ದಿತು, ಮಹಡಿಯ ಕೋಣೆಯ ಸೀಲಿಂಗ್ ಎರಡು ಕಡೆ ಒದ್ದೆಯಾಯಿತು. ಈಗ ಅದೇ ಕೋಣೆ ರಾತ್ರಿ ಹನ್ನೊಂದಾದರೂ ಕಾದ ಹಂಚಿನಂತೆ ಇರುತ್ತದೆ. ಪರೀಕ್ಷೆಗೆ ಓದುವ ಮಗ ಹಾಸಿಗೆ ಸುತ್ತಿಕೊಂಡು ಕೆಳಗೆ ಬರುತ್ತಾನೆ. ಸಂಪ್ ತೊಳೆಸಿ ಮೂರು ವರ್ಷವಾಯಿತು. ನಲ್ಲಿ ನೀರು ವಾರಕ್ಕೊಮ್ಮೆ ಬರುವುದರಿಂದ ಅದನ್ನು ಖಾಲಿ ಮಾಡಲು ಭಯ. ಅತ್ತೆಯವರಿಗೆ ಈ ತಿಂಗಳು ತಾರಸಿಯ ಮೇಲೆ ಸಂಡಿಗೆ ಹಾಕಬೇಕು. ಎಲ್ಲವನ್ನೂ ಒಟ್ಟಿಗೆ ಮಾಡಿಸುವಷ್ಟು ಹಣವಿಲ್ಲ. ಬೇಸಿಗೆ ಮುಗಿಯುವುದರೊಳಗೆ ಯಾವುದು ಮೊದಲು, ಯಾವುದು ನಂತರ?
– ಶಾಲಾ ಶಿಕ್ಷಕಿ, ದಾವಣಗೆರೆ

ಉತ್ತರ: ನಿಮ್ಮ ಪತ್ರದಲ್ಲಿ ಕ್ರಮವನ್ನು ಕೇಳಿದ್ದೀರಿ. ಮನೆಗಳ ದುರಸ್ತಿಯಲ್ಲಿ ಮೂವತ್ತು ವರ್ಷ ಕಳೆದ ಸಿವಿಲ್ ಎಂಜಿನಿಯರ್ ನಾನು. ಸಾಮಾನ್ಯವಾಗಿ ನನಗೆ ಬರುವ ಪ್ರಶ್ನೆ "ಯಾವ ಕಂಪನಿಯ ವಾಟರ್‌ಪ್ರೂಫ್ ಒಳ್ಳೆಯದು?" ಎಂಬುದು. ಮನೆ ಸೋರುವುದಕ್ಕೆ ಡಬ್ಬಿಯ ಮೇಲಿನ ಹೆಸರು ಕಾರಣವಾಗಿದ್ದನ್ನು ನಾನು ಕಂಡದ್ದು ಬಹಳ ಕಡಿಮೆ. ತಪ್ಪು ತಿಂಗಳಲ್ಲಿ, ತಪ್ಪು ಕ್ರಮದಲ್ಲಿ ಕೆಲಸ ಮಾಡಿಸಿದ್ದೇ ಹೆಚ್ಚಿನ ಕಡೆ ಕಾರಣ. ನಿಮ್ಮಲ್ಲಿಯೂ ಆದದ್ದು ಅದೇ.

ಮೊದಲು ಒಂದು ಗಡುವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಏಪ್ರಿಲ್ 27ರ ಸುಮಾರಿಗೆ ಭರಣಿ ಮಳೆ ನಕ್ಷತ್ರ ಹುಟ್ಟುತ್ತದೆ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎಂದು ರೈತರು ಅದಕ್ಕೆ ಕಾಯುತ್ತಾರೆ. ಕೇರಳಕ್ಕೆ ಮುಂಗಾರು ಕಾಲಿಡುವುದು ಜೂನ್ 1ರ ಆಸುಪಾಸಿನಲ್ಲಾದರೂ, ನಮ್ಮ ಬಯಲುಸೀಮೆಯಲ್ಲಿ ಗುಡುಗು ಗಾಳಿಯ ಮಳೆ ಏಪ್ರಿಲ್ ಕೊನೆ, ಮೇ ತಿಂಗಳಲ್ಲಿಯೇ ಸುರಿಯುತ್ತದೆ. ಅಂದರೆ ತಾರಸಿಯ ಕೆಲಸಕ್ಕೆ ನಿಮ್ಮ ಕೈಯಲ್ಲಿರುವುದು ಮೂರು ವಾರ. ಬೇಸಿಗೆ ಇನ್ನೂ ಎರಡು ತಿಂಗಳು ಇದೆ ಎಂದು ಲೆಕ್ಕ ಹಾಕಿದರೆ ಕಳೆದ ವರ್ಷದ ಮೇ ತಿಂಗಳೇ ಮರುಕಳಿಸುತ್ತದೆ.

ಬಣ್ಣ ಹಪ್ಪಳದಂತೆ ಎದ್ದದ್ದು ಏಕೆ? ಕಾಂಕ್ರೀಟ್ ಬಿಸಿಲಿಗೆ ಹಿಗ್ಗುತ್ತದೆ, ರಾತ್ರಿ ಕುಗ್ಗುತ್ತದೆ. ನಿಮ್ಮ ಸ್ಲ್ಯಾಬ್ ಸುಮಾರು 35 ಅಡಿ ಉದ್ದವಿರಬಹುದು. ಅದರ ಉಷ್ಣತೆ 30 ಡಿಗ್ರಿ ಏರಿ ಇಳಿದರೆ ಉದ್ದದಲ್ಲಿ ಸುಮಾರು 3 ಮಿಲಿಮೀಟರ್ ವ್ಯತ್ಯಾಸವಾಗುತ್ತದೆ. ಕಣ್ಣಿಗೆ ಕಾಣದ ಈ ಅಲುಗಾಟ ಬೇಸಿಗೆಯ ಪ್ರತಿ ದಿನವೂ ನಡೆಯುತ್ತದೆ. ಪ್ಯಾರಪೆಟ್ ಗೋಡೆ ಅದರ ಜೊತೆ ಅಷ್ಟೇ ಹಿಗ್ಗುವುದಿಲ್ಲ. ಆದ್ದರಿಂದ ಬಹಳ ಮನೆಗಳಲ್ಲಿ ಮೊದಲು ಬಿಡುವುದು ತಾರಸಿಯ ನಡುಭಾಗವಲ್ಲ, ತಾರಸಿಯೂ ಪ್ಯಾರಪೆಟ್ಟೂ ಸೇರುವ ಮೂಲೆ. ಅಂಥ ಅಲುಗಾಡುವ ಬಿರುಕಿಗೆ ಸಿಮೆಂಟ್ ಹಾಲು ಬಳಿದರೆ ಅದು ತೆಳುವಾದ, ಬಾಗದ ಒಂದು ಪದರವಾಗಿ ಕೂರುತ್ತದೆ. ಮೇ ತಿಂಗಳ ಬಿಸಿಲಿನಲ್ಲಿ ಅದರ ನೀರು ಗಂಟೆಯೊಳಗೆ ಆರಿಹೋಗುತ್ತದೆ, ಸಿಮೆಂಟ್ ಗಟ್ಟಿಯಾಗುವುದಕ್ಕೆ ಮೊದಲೇ ಪುಡಿಯಾಗುತ್ತದೆ. ಆ ಪುಡಿಯ ಮೇಲೆ ನೀವು ಬಣ್ಣ ಹೊಡೆಸಿದಿರಿ. ಬಣ್ಣ ಪುಡಿಗೆ ಅಂಟಿತೇ ಹೊರತು ತಾರಸಿಗೆ ಅಂಟಲಿಲ್ಲ. ಮಳೆಯ ನೀರು ಅಡಿಗೆ ಸೇರಿದ ಕೂಡಲೇ ಎಲ್ಲವೂ ಒಟ್ಟಿಗೆ ಎದ್ದು ಬಂತು. ಮೇಸ್ತ್ರಿ ಮೋಸ ಮಾಡಿದ್ದಾರೆಂದು ನಾನು ಹೇಳುವುದಿಲ್ಲ. ಎಲ್ಲರೂ ಮಾಡುವುದನ್ನೇ ಅವರೂ ಮಾಡಿದ್ದಾರೆ.

ಈಗ ಒಂದು ಪೆನ್ಸಿಲ್ ತೆಗೆದುಕೊಂಡು ಮಹಡಿಯ ಕೋಣೆಗೆ ಹೋಗಿ. ಸೀಲಿಂಗಿನ ಎರಡೂ ಕಲೆಗಳ ಅಂಚಿನ ಮೇಲೆ ಗೆರೆ ಎಳೆದು ಇವತ್ತಿನ ತಾರೀಕು ಬರೆಯಿರಿ. ಒಂದು ವಾರ ನೋಡಿ. ಒಂದು ಹನಿ ಮಳೆಯಿಲ್ಲದ ಏಪ್ರಿಲ್‌ನಲ್ಲಿಯೂ ಕಲೆ ಗೆರೆ ದಾಟಿ ಬೆಳೆದರೆ ಅದು ಮಳೆಯ ನೀರಲ್ಲ. ಮೇಲಿನ ಟ್ಯಾಂಕಿನಿಂದ ಇಳಿಯುವ ಪೈಪೋ, ಟ್ಯಾಂಕಿನ ಬುಡವೋ ಸೋರುತ್ತಿದೆ. ಆಗ ನಿಮಗೆ ಬೇಕಾದವರು ಪ್ಲಂಬರ್. ತಾರಸಿಗೆ ಎಷ್ಟು ಬಣ್ಣ ಸುರಿದರೂ ಆ ಕಲೆ ಹೋಗುವುದಿಲ್ಲ. ಹಣ ಖರ್ಚು ಮಾಡುವ ಮೊದಲು ಮಾಡಬೇಕಾದ ಈ ಪರೀಕ್ಷೆಯನ್ನು ಮಾಡುವವರು ತೀರಾ ವಿರಳ.

ಹಾಗೆಯೇ ತಾರಸಿಗೆ ಹೋಗಿ ಕಸ ಗುಡಿಸುವ ಮೊದಲೇ ನೋಡಿ. ಹೌದು, ಗುಡಿಸುವ ಮೊದಲೇ. ಕಳೆದ ಮಳೆಗಾಲದಲ್ಲಿ ನೀರು ನಿಂತ ಜಾಗಗಳಲ್ಲಿ ಒಣಗಿದ ಪಾಚಿಯ ಕಪ್ಪು ಪೊರೆ, ಧೂಳಿನ ಉಂಗುರಗಳು ಉಳಿದಿರುತ್ತವೆ. ನಿಮ್ಮ ತಾರಸಿಯ ವಾಟ, ಅಂದರೆ ನೀರು ಹರಿದುಹೋಗುವ ಇಳಿಜಾರು, ಎಲ್ಲಿ ತಪ್ಪಿದೆ ಎಂಬುದಕ್ಕೆ ಆ ಉಂಗುರಗಳೇ ನಕ್ಷೆ. ಸೀಮೆಸುಣ್ಣದಿಂದ ಅವನ್ನು ಸುತ್ತುಹಾಕಿ. ಆಮೇಲೆ ಸುತ್ತಿಗೆಯ ಮರದ ಹಿಡಿಯಿಂದ ತಾರಸಿಯನ್ನು ಅಲ್ಲಲ್ಲಿ ತಟ್ಟುತ್ತಾ ಬನ್ನಿ. ಟೊಳ್ಳು ಸದ್ದು ಬಂದ ಕಡೆ ಮೇಲಿನ ಗಾರೆ ಸ್ಲ್ಯಾಬ್ ಬಿಟ್ಟಿದೆ ಎಂದು ಅರ್ಥ. ಪ್ಯಾರಪೆಟ್ಟಿನ ಬುಡದಲ್ಲಿ ಆಲದ ಅಥವಾ ಅರಳಿಯ ಸಸಿ ಹುಟ್ಟಿದೆಯೇ ನೋಡಿ. ಹಕ್ಕಿಗಳು ಹಾಕಿದ ಬೀಜ ಅದು. ದೇವರ ಮರವೆಂದು ಬಿಟ್ಟವರನ್ನೂ, ಪ್ರತಿ ವರ್ಷ ಮೇಲಿನ ಎಲೆ ಕಿತ್ತು ಸಮಾಧಾನಪಟ್ಟವರನ್ನೂ ಕಂಡಿದ್ದೇನೆ. ಎಲೆ ಕಿತ್ತಷ್ಟೂ ಬೇರು ದಪ್ಪವಾಗುತ್ತದೆ. ಗಾರೆ ಒಡೆದು ಬೇರನ್ನು ಪೂರ್ತಿ ತೆಗೆದು, ಆ ಕುಳಿಯನ್ನು ತುಂಬಿಸಬೇಕು. ಸಸಿಯನ್ನು ಬೇಕಾದರೆ ಊರ ಹೊರಗೆ ನೆಡಿ, ಅದು ಒಳ್ಳೆಯ ಕೆಲಸವೇ.

ಮುಂದಿನ ಹೆಜ್ಜೆ ತಾರಸಿಯದಲ್ಲ, ಸಂಪಿನದು. ನಿಮ್ಮ ಎರಡು ಚಿಂತೆಗಳು ಇಲ್ಲಿ ಒಂದಾಗುತ್ತವೆ.

ತಾರಸಿ ಎಲ್ಲಿ ಸೋರುತ್ತದೆಂದು ಖಚಿತವಾಗಿ ತಿಳಿಯಲು ನೀರು ನಿಲ್ಲಿಸಿ ನೋಡಬೇಕು. 900 ಚದರ ಅಡಿಯ ತಾರಸಿಯಲ್ಲಿ ಒಂದು ಅಂಗುಲ ನೀರು ನಿಲ್ಲಿಸಲು ಎರಡು ಸಾವಿರ ಲೀಟರಿಗೂ ಹೆಚ್ಚು ಬೇಕು. ವಾರಕ್ಕೊಮ್ಮೆ ನೀರು ಬರುವ ಊರಿನಲ್ಲಿ ಏಪ್ರಿಲ್‌ನಲ್ಲಿ ಹಾಗೆ ಮಾಡಿ ಎಂದು ಹೇಳಲು ನನಗೆ ಮನಸ್ಸು ಬರುವುದಿಲ್ಲ. ಆದರೆ ಸಂಪಿನ ತಳದಲ್ಲಿ ಉಳಿಯುವ, ಕುಡಿಯಲು ಬಾರದ ನೀರು ಹೇಗಿದ್ದರೂ ಹೊರಗೆ ಹೋಗಲೇಬೇಕು. ಅದನ್ನು ಚರಂಡಿಗೆ ಬಿಡಬೇಡಿ. ನಲ್ಲಿ ನೀರು ಬರುವ ಹಿಂದಿನ ದಿನವನ್ನು ಸಂಪ್ ತೊಳೆಯಲು ಇಟ್ಟುಕೊಳ್ಳಿ. ಅದಕ್ಕೂ ಎರಡು ದಿನ ಮೊದಲು, ತಳವನ್ನು ಕದಡದೆ, ಮೇಲಿನ ತಿಳಿನೀರನ್ನು ಟ್ಯಾಂಕಿಗೂ ಮನೆಯ ಡ್ರಮ್ಮು ಕೊಡಗಳಿಗೂ ಏರಿಸಿಕೊಳ್ಳಿ. ಉಳಿದ ರಾಡಿ ನೀರಿನಲ್ಲಿ ತಾರಸಿಯ ಪಾಚಿಯನ್ನು ಗಟ್ಟಿ ಪೊರಕೆಯಿಂದ ಉಜ್ಜಿಸಿ. ಆಮೇಲೆ ಸೋರುವ ಕೋಣೆಯ ಮೇಲಿನ ಮೂಲೆಗೆ ಮಾತ್ರ ಜೇಡಿಮಣ್ಣಿನಿಂದ ಸಣ್ಣ ಬದು ಕಟ್ಟಿ, ಸಂಜೆ ಹೊತ್ತು ಒಂದು ಅಂಗುಲ ನೀರು ನಿಲ್ಲಿಸಿ. ಒಂದೆರಡು ದಿನದಲ್ಲಿ ಸೀಲಿಂಗಿನ ಪೆನ್ಸಿಲ್ ಗೆರೆಯೇ ಉತ್ತರ ಹೇಳುತ್ತದೆ. ಒಂದು ಮಾತು ನೆನಪಿರಲಿ: ಒಳಗೆ ಕಲೆ ಇರುವ ಜಾಗದ ನೇರ ಮೇಲೆಯೇ ಬಿರುಕು ಇರಬೇಕೆಂದಿಲ್ಲ. ಸ್ಲ್ಯಾಬಿನೊಳಗೆ ನೀರು ದಾರಿ ಹುಡುಕಿಕೊಂಡು ನಾಲ್ಕಾರು ಅಡಿ ಸರಿದು ಇಳಿಯಬಲ್ಲದು.

ಸಂಪ್ ತೊಳೆಯುವ ವಿಷಯವನ್ನು ಸ್ವಲ್ಪ ನಿಧಾನವಾಗಿ ಓದಿ. ಬೇಸಿಗೆಯ ಎಲ್ಲ ಮನೆಗೆಲಸಗಳಲ್ಲಿ ಜೀವ ತೆಗೆಯಬಲ್ಲ ಕೆಲಸ ಇದು. ವರ್ಷಗಳ ಹಿಂದೆ ನಾನು ಕೆಲಸ ಮಾಡಿಸುತ್ತಿದ್ದ ಒಂದು ಮನೆಯಲ್ಲಿ, ತಿಂಗಳುಗಟ್ಟಲೆ ಮುಚ್ಚಿದ್ದ ಸಂಪಿನ ಮುಚ್ಚಳ ತೆಗೆದ ಐದೇ ನಿಮಿಷಕ್ಕೆ ಒಬ್ಬ ಹುಡುಗ ಏಣಿಯಿಂದ ಒಳಗಿಳಿದ. ಎರಡು ಬಾರಿ ಬಕೆಟ್ ತುಂಬಿಸಿಕೊಟ್ಟ, ಮೂರನೆಯದಕ್ಕೆ ಉತ್ತರವೇ ಬರಲಿಲ್ಲ. ಸೊಂಟಕ್ಕೆ ಹಗ್ಗ ಕಟ್ಟಿದ್ದರಿಂದ ಎಳೆದು ಹೊರಗೆ ಹಾಕಿದೆವು, ಬದುಕಿದ. ಹಗ್ಗ ಇಲ್ಲದಿದ್ದರೆ ಅವನನ್ನು ತೆಗೆಯಲು ಇನ್ನೊಬ್ಬ ಇಳಿಯುತ್ತಿದ್ದ, ಅವನ ಹಿಂದೆ ಮತ್ತೊಬ್ಬ. ಇಂಥ ಸಾವುಗಳು ಒಂದರ ಹಿಂದೆ ಒಂದು ಆಗುವುದು ಹೀಗೆಯೇ. ಮುಚ್ಚಿದ ಸಂಪಿನಲ್ಲಿ ಆಮ್ಲಜನಕ ಕಡಿಮೆಯಾಗಿರಬಹುದು, ಅದಕ್ಕೆ ವಾಸನೆಯಿಲ್ಲ, ಮುನ್ಸೂಚನೆಯೂ ಇಲ್ಲ.

ಆದ್ದರಿಂದ ಬೆಳಿಗ್ಗೆಯೇ ಮುಚ್ಚಳ ತೆಗೆದು, ಮಕ್ಕಳು ಬೀಳದಂತೆ ಸುತ್ತ ಅಡ್ಡ ಇಟ್ಟು, ಕೆಲವು ಗಂಟೆ ಗಾಳಿಯಾಡಲು ಬಿಡಿ. ಒಂದು ಟೇಬಲ್ ಫ್ಯಾನನ್ನು ಹೊರಗೆ ನೆಲದ ಮೇಲಿಟ್ಟು ಒಳಕ್ಕೆ ಗಾಳಿ ಬೀಸುವಂತೆ ಮಾಡಿದರೆ ಇನ್ನೂ ಒಳ್ಳೆಯದು. ಒಳಗಿಳಿದವರ ಸೊಂಟಕ್ಕೆ ಹಗ್ಗ, ಮೇಲೆ ಹಗ್ಗ ಹಿಡಿದು ಮಾತಾಡಿಸುತ್ತಲೇ ಇರುವ ಇಬ್ಬರು, ಇಷ್ಟು ಇಲ್ಲದೆ ಯಾರನ್ನೂ ಇಳಿಸಬೇಡಿ. ಮೋಟಾರಿನ ಸ್ವಿಚ್ ಆರಿಸಿದರೆ ಸಾಲದು, ಮುಖ್ಯ ಬೋರ್ಡಿನಲ್ಲಿ ಅದರ ಎಂಸಿಬಿಯನ್ನೇ ಇಳಿಸಿ. ಪೆಟ್ರೋಲ್ ಅಥವಾ ಡೀಸೆಲ್ ಪಂಪನ್ನು ಸಂಪಿನೊಳಗಾಗಲಿ, ಬಾಯಿಯ ಪಕ್ಕದಲ್ಲಾಗಲಿ ಓಡಿಸಬಾರದು, ಅದರ ಹೊಗೆ ತಳಕ್ಕಿಳಿದು ಕೂರುತ್ತದೆ. ಗೋಡೆಗಳನ್ನು ಪ್ಲಾಸ್ಟಿಕ್ ಬ್ರಷ್ಷಿನಿಂದ ಬರಿಯ ನೀರಿನಲ್ಲಿ ಉಜ್ಜಿದರೆ ಸಾಕು, ಸೋಪಿನ ಪುಡಿ ಬೇಡ. ಬಚ್ಚಲು ತೊಳೆಯುವ ಆ್ಯಸಿಡ್ ಅಂತೂ ಖಂಡಿತ ಬೇಡ. ಆ್ಯಸಿಡ್ಡೂ ಬ್ಲೀಚಿಂಗ್ ಪೌಡರೂ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಮುಚ್ಚಿದ ಗುಂಡಿಯಲ್ಲಿ ಅದು ವಿಷವೇ ಸರಿ. ಇದೇ ಕಾರಣಕ್ಕೆ ಬಚ್ಚಲುಮನೆಯಲ್ಲಿಯೂ ಇವೆರಡನ್ನು ಒಂದೇ ದಿನ ಬಳಸಬೇಡಿ.

ನಲ್ಲಿ ನೀರು ಬಂದು ಸಂಪ್ ತುಂಬಿದ ಮೇಲೆ ಸಾವಿರ ಲೀಟರಿಗೆ 2.5 ಗ್ರಾಂ ಲೆಕ್ಕದಲ್ಲಿ ಒಳ್ಳೆಯ ಬ್ಲೀಚಿಂಗ್ ಪೌಡರ್ ಸಾಕು. ನಿಮ್ಮದು ಆರು ಸಾವಿರ ಲೀಟರಿನ ಸಂಪ್ ಆದರೆ 15 ಗ್ರಾಂ. ಪುಡಿಯನ್ನು ನೇರವಾಗಿ ಎರಚಬೇಡಿ. ಸ್ವಲ್ಪ ನೀರಿನಲ್ಲಿ ಕಲಸಿ, ಬಕೆಟ್ಟಿನಲ್ಲಿ ಕದಡಿ, ಹತ್ತು ನಿಮಿಷ ಬಿಡಿ. ಸುಣ್ಣ ತಳಕ್ಕೆ ಕೂರುತ್ತದೆ, ಮೇಲಿನ ತಿಳಿಯನ್ನು ಮಾತ್ರ ಸಂಪಿಗೆ ಸುರಿಯಿರಿ. ಒಂದು ಗಂಟೆ ಕಳೆದ ಮೇಲೆ ಬಳಸಬಹುದು. ತೆರೆದಿಟ್ಟ ಹಳೆಯ ಪುಡಿಯಲ್ಲಿ ಕ್ಲೋರಿನ್ ಹಾರಿಹೋಗಿರುತ್ತದೆ, ಆದ್ದರಿಂದ ಈ ವರ್ಷದ ಪೊಟ್ಟಣವನ್ನೇ ಕೊಳ್ಳಿ. ಸಂಪ್ ಆದ ಮೇಲೆ ಟ್ಯಾಂಕ್ ತೊಳೆಯಬೇಕು, ಹಿಂದುಮುಂದಾದರೆ ಸಂಪಿನ ರಾಡಿ ಮತ್ತೆ ಟ್ಯಾಂಕಿಗೇ ಏರುತ್ತದೆ. ಟ್ಯಾಂಕಿನ ಮುಚ್ಚಳ ಬಿಗಿಯಾಗಿದೆಯೇ, ಉಕ್ಕು ಹೋಗುವ ಪೈಪಿನ ಬಾಯಿಗೆ ಸೊಳ್ಳೆ ಬಲೆ ಇದೆಯೇ ನೋಡಿ. ಡೆಂಗಿ ಹರಡುವ ಸೊಳ್ಳೆ ಮೊಟ್ಟೆಯಿಡಲು ಹುಡುಕುವುದು ಇಂಥ ಶುದ್ಧ ನೀರನ್ನೇ.

ಶೌಚದ ಗುಂಡಿಯ ಬಗ್ಗೆ ನೀವು ಕೇಳಿಲ್ಲ. ಆದರೂ ಹೇಳಬೇಕು. ನಿಮ್ಮ ಬೀದಿಗೆ ಒಳಚರಂಡಿ ಇಲ್ಲದೆ ಸೆಪ್ಟಿಕ್ ಟ್ಯಾಂಕ್ ಇದ್ದರೆ, ಎರಡು ಮೂರು ವರ್ಷಕ್ಕೊಮ್ಮೆ ಅದನ್ನು ಖಾಲಿ ಮಾಡಿಸಬೇಕು, ಮಳೆಗೆ ಮೊದಲು ಮಾಡಿಸುವುದು ಸರಿ. ಹೀರುವ ಯಂತ್ರದ ವಾಹನವನ್ನೇ ಕರೆಸಿ. ರಕ್ಷಣಾ ಸಾಧನ, ಸುರಕ್ಷತಾ ಕ್ರಮಗಳಿಲ್ಲದೆ ಅದರೊಳಗೆ ಮನುಷ್ಯರನ್ನು ಇಳಿಸುವುದು 2013ರ ಕಾಯ್ದೆಯ ಪ್ರಕಾರ ಅಪರಾಧ. ಕಾಯ್ದೆ ಇರದಿದ್ದರೂ ಅದು ಮಾಡಬಾರದ ಕೆಲಸ.

ಈಗ ಅತ್ತೆಯವರ ಸಂಡಿಗೆಗೆ ಬರೋಣ. ನೀರು ನಿಲ್ಲಿಸಿ ನೋಡಿದ ಮೇಲೆ ಸ್ಲ್ಯಾಬ್ ಚೆನ್ನಾಗಿ ಒಣಗಲು ಕನಿಷ್ಠ ಒಂದು ವಾರದ ಬಿಸಿಲು ಬೇಕು. ಆ ವಾರ ಯಾವ ಕೆಲಸವನ್ನೂ ಮಾಡುವಂತಿಲ್ಲ, ಮಾಡಬಾರದು. ತೊಳೆದು ಶುಭ್ರವಾದ ತಾರಸಿ ಆ ವಾರ ಅತ್ತೆಯವರದು. ನೆಲದ ಮೇಲೆ ಪ್ಲಾಸ್ಟಿಕ್ ಹಾಸಿದರೆ ಅದರಡಿ ತೇವ ಉಳಿಯುತ್ತದೆ, ಆದ್ದರಿಂದ ಎರಡು ಹಳೆಯ ಮಂಚಗಳನ್ನು ಮೇಲೇರಿಸಿ, ಅವುಗಳ ಮೇಲೆ ಪಂಚೆ ಹಾಸಿ ಸಂಡಿಗೆ ಹಾಕಲಿ. ಕೌದಿ, ಹಾಸಿಗೆ, ದಿಂಬುಗಳಿಗೂ ಅದೇ ವಾರ ಬಿಸಿಲು ತೋರಿಸಿ, ಮಧ್ಯಾಹ್ನ ಒಮ್ಮೆ ಮಗುಚಿ ಹಾಕಿ. ನಮ್ಮ ಹಿರಿಯರು ಬೇಸಿಗೆಯ ತಾರಸಿಯನ್ನು ಒಂದು ಅಡುಗೆಮನೆಯಂತೆ, ಒಂದು ಉಗ್ರಾಣದಂತೆ ಬಳಸಿದರು. ಅದನ್ನು ದುರಸ್ತಿಗೆ ಅಡ್ಡಿಯೆಂದು ನೋಡುವುದು ನನಗೆ ಇಷ್ಟವಿಲ್ಲ.

ಏಪ್ರಿಲ್ ಎರಡನೆಯ ವಾರ ಮುಗಿಯುವ ಹೊತ್ತಿಗೆ ಗಾರೆ ಕೆಲಸ ಶುರುವಾಗಲಿ. ಎದ್ದ ಹಳೆಯ ಬಣ್ಣವನ್ನೆಲ್ಲ ಕೆರೆದು, ತಂತಿ ಬ್ರಷ್ಷಿನಿಂದ ಉಜ್ಜಿ ತೆಗೆಯಬೇಕು. ಕೂಲಿಯ ದೊಡ್ಡ ಪಾಲು ಹೋಗುವುದು ಇಲ್ಲಿಯೇ, ಮೇಸ್ತ್ರಿಗಳು ಬಿಟ್ಟುಬಿಡಲು ನೋಡುವುದೂ ಇದನ್ನೇ. ಪಕ್ಕದಲ್ಲಿ ನಿಂತು ಮಾಡಿಸಿ. ಟೊಳ್ಳು ಸದ್ದು ಬಂದ ಜಾಗಗಳನ್ನು ಒಡೆದು, ಪಾಲಿಮರ್ ದ್ರಾವಣ ಬೆರೆಸಿದ ಗಾರೆಯಿಂದ ತುಂಬಲಿ. ಸೀಮೆಸುಣ್ಣದ ಸುತ್ತುಗಳಿದ್ದ ಕಡೆ ಅದೇ ಗಾರೆಯಿಂದ ವಾಟ ಸರಿಮಾಡಲಿ. ನೂರು ಅಂಗುಲಕ್ಕೆ ಒಂದು ಅಂಗುಲದಷ್ಟಾದರೂ ಇಳಿಜಾರು ತೂಬಿನ ಕಡೆ ಇರಬೇಕು. ಇದಾದ ಮೇಲೆ ಒದ್ದೆ ಗೋಣಿಚೀಲ ಹೊದಿಸಿ ವಾರದವರೆಗೆ ತೇವ ಕಾಪಾಡಿ. ನಿಮ್ಮ ಮೇಸ್ತ್ರಿ ಬಳಸುವ ಸಾಮಗ್ರಿಗೆ ಬೇರೆ ಕ್ರಮವಿದ್ದರೆ ಡಬ್ಬಿಯ ಮೇಲಿನ ಸೂಚನೆಯಂತೆ ನಡೆಯಲಿ. ಬಟ್ಟೆ ಜಾಲಿಸಿದ ಕೊನೆಯ ನೀರು ಗೋಣಿಗೆ ಸಾಕು.

ಪ್ಯಾರಪೆಟ್ ಮೂಲೆಯ ಉದ್ದನೆಯ ಬಿರುಕಿಗೆ ಮಾತ್ರ ಗಾರೆ ಬೇಡ. ಅದನ್ನು ಇಂಗ್ಲಿಷಿನ ವಿ ಆಕಾರದಲ್ಲಿ ಅರ್ಧ ಅಂಗುಲ ಕೊರೆದು, ಧೂಳು ಊದಿ, ರಬ್ಬರಿನಂತೆ ಎಳೆಯುವ ಸೀಲೆಂಟ್ ತುಂಬಬೇಕು. ಸ್ಲ್ಯಾಬ್ ಹಿಗ್ಗಿದಾಗ ಹಿಗ್ಗುವುದು, ಕುಗ್ಗಿದಾಗ ಕುಗ್ಗುವುದು ಅದೊಂದೇ. ಮೂಲೆಯನ್ನು ಚೂಪಾಗಿ ಬಿಡದೆ ದುಂಡಗೆ ತಿರುಗಿಸಿ, ಮೇಲೆ ಫೈಬರ್ ಜಾಲರಿಯ ಪಟ್ಟಿಯನ್ನು ಲೇಪದೊಳಗೆ ಹುದುಗಿಸಿದರೆ ಆ ಮೂಲೆ ಮತ್ತೆ ಬೇಗ ಬಿಡುವುದಿಲ್ಲ.

ಎಲ್ಲವೂ ಒಣಗಿದ ಮೇಲೆ, ಅಂದರೆ ಏಪ್ರಿಲ್ 24, 25ರ ಸುಮಾರಿಗೆ, ಬಿಳಿಯ ಅಕ್ರಿಲಿಕ್ ಲೇಪ ಎರಡು ಕೈ. ಮೊದಲ ಕೈ ಉದ್ದಕ್ಕೆ, ಎರಡನೆಯದು ಅಡ್ಡಕ್ಕೆ. ಬೆಳಿಗ್ಗೆ ಒಂಬತ್ತರೊಳಗೆ ಅಥವಾ ಸಂಜೆ ಐದರ ನಂತರ ಮಾತ್ರ. ಮಧ್ಯಾಹ್ನ ಕಾದ ತಾರಸಿಗೆ ಹಚ್ಚಿದರೆ ಮೇಲ್ಪದರ ತಕ್ಷಣ ಒಣಗಿ ಒಳಗಿನ ಆವಿ ಗುಳ್ಳೆಯಾಗಿ ಏಳುತ್ತದೆ. ಮೇಸ್ತ್ರಿ ಒಂದೇ ದಿನದಲ್ಲಿ ಮುಗಿಸುತ್ತೇನೆಂದು ಹೇಳಿದರೆ ಒಪ್ಪಬೇಡಿ.

ಬಿಳಿ ಎಂದು ಒತ್ತಿ ಹೇಳಿದ್ದಕ್ಕೆ ಕಾರಣ ನಿಮ್ಮ ಮಗನ ಕೋಣೆ. ಬೂದು ಬಣ್ಣದ ಕಾಂಕ್ರೀಟ್ ಹಗಲೆಲ್ಲ ಬಿಸಿಲನ್ನು ಹೀರಿ, ಸಂಜೆಯಾದ ಮೇಲೆ ಅದನ್ನು ಕೋಣೆಯೊಳಕ್ಕೆ ಬಿಡುತ್ತದೆ. ಓದುವ ಹೊತ್ತಿಗೆ ಸರಿಯಾಗಿ ಸೀಲಿಂಗ್ ಬಿಸಿಯಾಗುವುದು ಇದರಿಂದ. ಬಿಳಿ ತಾರಸಿ ಬಿಸಿಲಿನ ಬಹುಪಾಲನ್ನು ಹಿಂದಕ್ಕೆ ಕಳಿಸುತ್ತದೆ, ಕೋಣೆಯಲ್ಲಿ 2ರಿಂದ 5 ಡಿಗ್ರಿಯವರೆಗೆ ಇಳಿಕೆ ಕಾಣಬಹುದು. ನೆರೆಯ ತೆಲಂಗಾಣ 2023ರಲ್ಲಿ ಇಂಥ ತಂಪು ಛಾವಣಿಗಳಿಗಾಗಿಯೇ ಒಂದು ನೀತಿಯನ್ನು ತಂದಿತು. ಅಂದರೆ ಸೋರುವುದಕ್ಕೂ ಸೆಕೆಗೂ ನೀವು ಎರಡು ಬಾರಿ ಹಣ ಕೊಡಬೇಕಾಗಿಲ್ಲ. ಈ ವರ್ಷ ಲೇಪಕ್ಕೆ ಹಣ ಸಾಲದಿದ್ದರೆ ಬಿರುಕು ಮತ್ತು ವಾಟದ ಕೆಲಸವನ್ನು ಪೂರ್ತಿ ಮಾಡಿಸಿ, ಮೇಲೆ ಸೋಸಿದ ಸುಣ್ಣಕ್ಕೆ ಅಂಟು ಬೆರೆಸಿ ಎರಡು ಕೈ ಬಳಿಸಿ. ಸುಣ್ಣ ಸೋರಿಕೆ ತಡೆಯುವುದಿಲ್ಲ, ಮಳೆಗೆ ಕರಗಿಹೋಗುತ್ತದೆ, ಆದರೆ ಈ ಬೇಸಿಗೆಯ ಸೆಕೆಗೆ ಕೆಲಸ ಮಾಡುತ್ತದೆ. ಬಳಿಯುವವರ ಕಣ್ಣಿಗೆ ಕನ್ನಡಕ ಇರಲಿ, ಸುಣ್ಣ ಸಿಡಿದರೆ ಕಣ್ಣು ಸುಡುತ್ತದೆ.

ಅಷ್ಟರವರೆಗೆ ಮಗ ಏನು ಮಾಡಬೇಕು? ಸಂಜೆ ತಾರಸಿಗೆ ಕೊಡಗಟ್ಟಲೆ ನೀರು ಸುರಿಯುವ ಅಭ್ಯಾಸವಿದ್ದರೆ ಬಿಡಿ. ನೀರೂ ಹಾಳು, ಕಾದ ಕಾಂಕ್ರೀಟಿಗೆ ತಣ್ಣೀರು ಬಿದ್ದು ಮೇಲ್ಪದರ ಇನ್ನಷ್ಟು ಬಿರಿಯುತ್ತದೆ. ಅದರ ಬದಲು ಆ ಕೋಣೆಯ ಮೇಲೆ ತೆಂಗಿನ ಗರಿಯ ಚಪ್ಪರ ಅಥವಾ ಹಸಿರು ನೆರಳು ಬಲೆ ಕಟ್ಟಿಸಿ. ಗಾಳಿ ಆಡಲು ಚಪ್ಪರಕ್ಕೂ ತಾರಸಿಗೂ ನಡುವೆ ನಾಲ್ಕಾರು ಅಡಿ ಇರಬೇಕು. ಏಪ್ರಿಲ್ ಸಂಜೆಗಳ ಸುಂಟರಗಾಳಿಗೆ ಹಾರಿ ಬೀದಿಗೆ ಬೀಳದಂತೆ ನಾಲ್ಕೂ ಮೂಲೆ ಬಿಗಿದು ಕಟ್ಟಿ. ಕೋಣೆಯ ಕಿಟಕಿಗಳನ್ನು ಬೆಳಿಗ್ಗೆ ಒಂಬತ್ತಕ್ಕೆ ಮುಚ್ಚಿ, ಹೊರಗೆ ತಂಪಾದ ಮೇಲೆ ಎದುರುಬದುರಿನ ಎರಡನ್ನೂ ತೆರೆಯಿರಿ. ಮುಚ್ಚಿದ ಕೋಣೆಯಲ್ಲಿ ಸೀಲಿಂಗ್ ಫ್ಯಾನ್ ಮಾಡುವುದು ಮೇಲಿನ ಬಿಸಿಗಾಳಿಯನ್ನು ಕೆಳಗೆ ತಳ್ಳುವ ಕೆಲಸವನ್ನಷ್ಟೇ. ಫ್ಯಾನ್ ಒರೆಸಿದ ಮೇಲೂ ನಿಧಾನವಾಗಿ ತಿರುಗುತ್ತಿದ್ದರೆ ಬಹುತೇಕ ಅದರ ಕಂಡೆನ್ಸರ್ ಸೋತಿದೆ, ಎಲೆಕ್ಟ್ರಿಷಿಯನ್ ಹತ್ತು ನಿಮಿಷದಲ್ಲಿ ಬದಲಿಸುತ್ತಾರೆ. ಹೊಸ ಫ್ಯಾನ್ ಬೇಕಾಗಿಲ್ಲ.

ದಾವಣಗೆರೆಯ ಒಣ ಸೆಕೆಗೆ ಕೂಲರ್ ಒಳ್ಳೆಯ ಸಾಧನ. ಇದೇ ಮಾತನ್ನು ಮಂಗಳೂರಿನವರಿಗೆ ನಾನು ಹೇಳುವುದಿಲ್ಲ, ಅಲ್ಲಿಯ ಗಾಳಿಯಲ್ಲಿ ಮೊದಲೇ ತೇವ ತುಂಬಿರುತ್ತದೆ. ಕಳೆದ ವರ್ಷದ ಹುಲ್ಲಿನ ಪ್ಯಾಡ್ ಬದಲಿಸಿ. ವಾರಕ್ಕೊಮ್ಮೆ ನೀರು ಚೆಲ್ಲಿ, ತೊಟ್ಟಿಯ ಒಳಗೋಡೆಯನ್ನು ಉಜ್ಜಿ ತೊಳೆಯಬೇಕು. ಸೊಳ್ಳೆಯ ಮೊಟ್ಟೆಗಳು ನೀರಿನ ಅಂಚಿನ ಗೋಡೆಗೆ ಅಂಟಿಕೊಂಡು ತಿಂಗಳುಗಟ್ಟಲೆ ಒಣಗಿದ್ದರೂ ಸಾಯುವುದಿಲ್ಲ, ಬರಿ ನೀರು ಚೆಲ್ಲಿದರೆ ಅವು ಅಲ್ಲಿಯೇ ಇರುತ್ತವೆ. ಕೂಲರಿಗೆ ಮೂರು ಪಿನ್ನಿನ ಪ್ಲಗ್ಗೂ ಸರಿಯಾದ ಅರ್ಥಿಂಗೂ ಇರಲೇಬೇಕು. ಲೋಹದ ಕೂಲರಿಗೆ ಓಡುತ್ತಿರುವಾಗಲೇ ನೀರು ತುಂಬಿಸುವುದು ನಿಮ್ಮ ಮನೆಯಲ್ಲಿ ಯಾರೂ ಮಾಡದಂತೆ ನೋಡಿಕೊಳ್ಳಿ. ಮೀಟರ್ ಬೋರ್ಡಿನಲ್ಲಿ 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಕ್ಷಣ ಕಡಿತ ಮಾಡುವ ಸ್ವಿಚ್) ಇಲ್ಲದಿದ್ದರೆ, ಬೇರೆ ಖರ್ಚು ಮುಂದೂಡಿಯಾದರೂ ಅದನ್ನು ಹಾಕಿಸಿ. ಇದ್ದರೆ ಅದರ ಮೇಲಿನ ಪರೀಕ್ಷಾ ಗುಂಡಿಯನ್ನು ಇವತ್ತೇ ಒತ್ತಿ ನೋಡಿ. ಕರೆಂಟ್ ಕಡಿತವಾಗಬೇಕು, ಆಗದಿದ್ದರೆ ಅದು ಕೆಟ್ಟಿದೆ.

ಮಿಕ್ಕ ಸಣ್ಣ ಕೆಲಸಗಳಿಗೆ ಮೇ ತಿಂಗಳಿದೆ. ಯುಪಿಎಸ್ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಹಾಕಿಸಿ, ಸೆಕೆಯಲ್ಲಿ ಅದು ಬೇಗ ಇಳಿಯುತ್ತದೆ. ಮಳೆನೀರಿನ ಪೈಪುಗಳಿಗೆ ಒಂದೊಂದು ಬಕೆಟ್ ನೀರು ಸುರಿದು ಕೆಳಗೆ ಸರಾಗ ಬರುತ್ತದೆಯೇ ನೋಡಿ, ತೂಬಿನ ಬಾಯಿಗೆ ಎಲೆ ತಡೆಯುವ ಜಾಲರಿ ಇಡಿ. ನಿಮ್ಮ ತಾರಸಿಯ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೂ ಎಂಟುನೂರು ಲೀಟರಿಗಿಂತ ಹೆಚ್ಚು ನೀರು. ವಾರಕ್ಕೊಮ್ಮೆ ನಲ್ಲಿ ಬರುವ ಮನೆಯವರು ಅದನ್ನು ಚರಂಡಿಗೆ ಕಳಿಸುವುದನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ಮೊದಲೆರಡು ಮಳೆಯ ಕೊಳೆಯನ್ನು ಹೊರಗೆ ಬಿಟ್ಟು, ಮುಂದಿನದನ್ನು ಫಿಲ್ಟರ್ ಮೂಲಕ ಸಂಪಿಗೋ ಡ್ರಮ್ಮಿಗೋ ತಿರುಗಿಸುವ ಏರ್ಪಾಡಿಗೆ ದೊಡ್ಡ ಖರ್ಚಿಲ್ಲ.

ಮಳೆಗಾಲದಲ್ಲಿ ಬಿಗಿಯಾಗುವ ಬಾಗಿಲಿದ್ದರೆ ಅದನ್ನು ಜುಲೈನಲ್ಲಿ ಉಜ್ಜಿಸಬೇಡಿ. ತೇವಕ್ಕೆ ಉಬ್ಬಿದ ಮರವನ್ನು ಆಗ ಕೆತ್ತಿದರೆ ಬೇಸಿಗೆಯಲ್ಲಿ ಸಂದು ಬಿಡುತ್ತದೆ. ಮರ ಒಣಗಿ ಕುಗ್ಗಿರುವ ಈಗ ಬಾಗಿಲನ್ನು ಕಳಚಿ, ಮೇಲಂಚು ಕೆಳಅಂಚುಗಳಿಗೆ ಬಣ್ಣ ಹಚ್ಚಿಸಿ. ಬಡಗಿಗಳೂ ಪೇಂಟರುಗಳೂ ಮರೆಯುವ ಆ ಎರಡು ಅಂಚುಗಳಿಂದಲೇ ತೇವ ಒಳಗೆ ಹೋಗುವುದು. ಅದೇ ಹೊತ್ತಿನಲ್ಲಿ ಚೌಕಟ್ಟಿನ ಬುಡದಲ್ಲಿ ಗೆದ್ದಲಿನ ಮಣ್ಣಿನ ಗೆರೆ ಇದೆಯೇ ನೋಡಿ. ಬರಿದೆ ಒರೆಸಿಬಿಟ್ಟರೆ ಅವು ಬೇರೆ ದಾರಿ ಹಿಡಿಯುತ್ತವೆ, ಔಷಧಿ ನೆಲದೊಳಕ್ಕೆ ಹೋಗಬೇಕು. ಹಿತ್ತಲಿನ ಇಟ್ಟಿಗೆ, ಸೌದೆ ರಾಶಿಯನ್ನು ಸರಿಸುವಾಗ ಕಾಲಿಗೆ ಬೂಟು, ಕೈಯಲ್ಲಿ ಕೋಲು ಇರಲಿ, ಈ ಬಿಸಿಲಿಗೆ ಹಾವು ಚೇಳುಗಳೂ ನೆರಳು ಹುಡುಕುತ್ತವೆ.

ಒಳಗೋಡೆಗಳಿಗೆ ಬಣ್ಣ ಹೊಡೆಸಬೇಕೆಂಬ ಆಸೆ ನಿಮ್ಮ ಪತ್ರದ ಸಾಲುಗಳ ನಡುವೆ ಕಾಣುತ್ತದೆ. ಆ ಹಣವನ್ನು ಈಗ ಮುಟ್ಟಬೇಡಿ. ಮೇ ತಿಂಗಳ ಮೊದಲ ಜೋರು ಮಳೆ ಬಿದ್ದು ನಿಂತ ಮೇಲೆ, ಮಿಂಚು ಗುಡುಗು ದೂರವಾದ ಮೇಲೆ, ಟಾರ್ಚ್ ಹಿಡಿದು ತಾರಸಿಗೆ ಹೋಗಿ ನೀರು ಎಲ್ಲಾದರೂ ನಿಂತಿದೆಯೇ ನೋಡಿ. ಮರುದಿನ ಮಗನ ಕೋಣೆಯ ಸೀಲಿಂಗಿನಲ್ಲಿ ಪೆನ್ಸಿಲ್ ಗೆರೆಯನ್ನು ನೋಡಿ. ಮುಂಗಾರು ಪೂರ್ತಿ ಕಳೆಯುವವರೆಗೂ ಕಲೆ ಆ ಗೆರೆಯೊಳಗೇ ಒಣಗಿ ಕುಳಿತಿದ್ದರೆ, ದೀಪಾವಳಿಗೆ ಬಣ್ಣದವರನ್ನು ಕರೆಯಿರಿ.